ಕತ್ತರಿಗೆ ಸಿಗದ ಚಪ್ಪಾಳೆ

ನನ್ನ ಫ್ರಿಜ್ಜಿನೊಳಗೆ, ಚಿಕ್ಕಮ್ಮ ಕೊಟ್ಟು ಕಳಿಸಿದ್ದ ಸೊಪ್ಪಿನ ಪಾತ್ರೆಯ ಪಕ್ಕದಲ್ಲಿ, ಯಾರದೋ ಕಾರಿನ ಕೀಲಿ ತಣ್ಣಗೆ ಮಲಗಿತ್ತು.

ಮುಂದಿನ ಕೋಣೆಯಲ್ಲಿ ಕ್ಯಾಮೆರಾದವರು ವೈರು ಎಳೆಯುತ್ತಿದ್ದರು. ಕೀಲಿ ಹಿಡಿದುಕೊಂಡು ಅಲ್ಲಿಗೇ ಹೋದೆ.

"ಇದು ಯಾರದ್ರಪ್ಪಾ? ಅಟ್ಲಾಂಟಾದಲ್ಲಿ ಸೆಕೆ ಅಂತ ಗೊತ್ತು. ಕಾರಿನ ಕೀಲಿಗೂ ತಂಪು ಬೇಕಾ?"

ಮೂಲೆಯಲ್ಲಿ ಪೆಟ್ಟಿಗೆಯ ಮುಂದೆ ಬಗ್ಗಿದ್ದವನೊಬ್ಬ ಎದ್ದ. ಎದ್ದ, ಇನ್ನೂ ಎದ್ದ, ಮತ್ತೂ ಎದ್ದ. ಅಷ್ಟು ಎತ್ತರದ ಆಳು. ಕತ್ತಿನಲ್ಲಿ ಹೆಡ್‌ಫೋನು, ಎದೆಯ ಮೇಲೆ ಗುಂಡಿಗಳಿದ್ದ ಚೀಲ, ಮುಖದಲ್ಲಿ ಸಿಕ್ಕಿಬಿದ್ದವನ ನಗು.

"ನಂದು, ಮಿಸ್ ವೆಲಾ. ಲಿನ್‌ವುಡ್ ಸ್ಟಿಲ್ಸ್ ಅಂತ. ಸೌಂಡು."

"ಸೌಂಡು ಅಂತೀಯ, ಸದ್ದೇ ಇಲ್ವಲ್ಲ ನಿಂದು. ಕೀಲಿ ಯಾಕೆ ಫ್ರಿಜ್ಜಲ್ಲಿ?"

"ಫ್ರಿಜ್ಜು ಗುಂಯ್ ಅನ್ನತ್ತೆ, ಮೈಕಿಗೆ ಬರತ್ತೆ. ಅದಕ್ಕೆ ಆಫ್ ಮಾಡಿದೀನಿ. ಶೂಟಿಂಗ್ ಮುಗಿದ್ಮೇಲೆ ಆನ್ ಮಾಡೋದು ಮರೆತು ಹೊರಟುಬಿಟ್ರೆ ನಿಮ್ಮ ಅಡುಗೆಯೆಲ್ಲ ಕೆಡತ್ತಲ್ಲ? ಕೀಲಿ ಒಳಗಿದ್ರೆ ಮರೆಯೋ ಹಾಗಿಲ್ಲ. ಕಾರೇ ಹೊರಡಲ್ಲ."

ನನ್ನ ಮನೆಗೆ ಬಂದು ಹೋದ ಗಂಡಸರು ಫ್ರಿಜ್ಜಿನಲ್ಲಿ ಇದ್ದದ್ದನ್ನು ತಿಂದು ಹೋಗಿದ್ದರೇ ಹೊರತು, ಅದು ಕೆಟ್ಟೀತು ಎಂದು ಯಾರೂ ಚಿಂತಿಸಿದ್ದಿಲ್ಲ. ನಾನು ಕೀಲಿಯನ್ನು ಮತ್ತೆ ಸೊಪ್ಪಿನ ಪಕ್ಕದಲ್ಲೇ ಇಟ್ಟು ಬಂದೆ.

ನನ್ನ ಪೂರ್ತಿ ಹೆಸರು ಮಾರ್ವೆಲಾ ಗೇಟ್ಸ್, ವೇದಿಕೆಯ ಮೇಲೆ ಮಿಸ್ ವೆಲಾ. ಕ್ಯಾಂಬೆಲ್ಟನ್ ರಸ್ತೆಯವಳು, ರ‍್ಯಾಪ್ ಹಾಡುವವಳು. ಆ ವರ್ಷ ‘ಬೀಟಿನ ರಾಣಿಯರು’ ಎಂಬ ಟಿವಿ ಶೋಗೆ ನನ್ನನ್ನೂ ನನ್ನ ಬಾಲ್ಯದ ಗೆಳತಿ ಟ್ರಿನೀಸಳನ್ನೂ ಆರಿಸಿದ್ದರು. ಹಿಪ್‌ಹಾಪ್ ಹಾಡುವ ಕಪ್ಪು ಹೆಂಗಸರ ಮನೆ, ಅಡುಗೆ, ಪ್ರೀತಿ, ಜಗಳ ಎಲ್ಲವನ್ನೂ ತೋರಿಸುವ ರಿಯಾಲಿಟಿ ಶೋ ಅದು. ಅದರಲ್ಲಿ ಜಗಳದ ಪಾಲೇ ದೊಡ್ಡದು ಎಂದು ಲೋಕಕ್ಕೆಲ್ಲ ಗೊತ್ತು, ನಮಗೂ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಕೊನೆಯ ಕಂತಿನಲ್ಲಿ ನನ್ನ ಸ್ವಂತ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿಸುತ್ತೇನೆಂದು ನಿರ್ಮಾಪಕಿ ಕೊರೀನ್ ಮಾತು ಕೊಟ್ಟಿದ್ದಳು. ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದು, ಕುಡಿದವರ ಗಲಾಟೆಯ ನಡುವೆ ಹಾಡಿ ಗಂಟಲು ಕೆಡಿಸಿಕೊಂಡವಳಿಗೆ, ದೇಶವೆಲ್ಲ ಕೂತು ಕೇಳುವ ಒಂದು ಹಾಡು ಅಂದರೆ ಸಣ್ಣ ಮಾತಲ್ಲ.

ಅಂಗಿಯೊಳಗೆ ಮೈಕು ಸಿಕ್ಕಿಸುವುದು ಲಿನ್‌ವುಡ್‌ನ ಕೆಲಸ. ಈ ನೆಪದಲ್ಲಿ ಕೈ ಎಲ್ಲೆಲ್ಲಿಗೋ ಹರಿಸುವವರನ್ನು ನಾನು ಕಂಡವಳೇ. ಬಾಯಿಗೆ ಬೈಗುಳ ತಂದುಕೊಂಡೇ ನಿಂತಿದ್ದೆ. ಅವನು ಮೈಕನ್ನು ನನ್ನ ಅಂಗೈಯಲ್ಲಿಟ್ಟು ಬೆನ್ನು ತಿರುಗಿಸಿ ನಿಂತ.

"ನೀವೇ ಸಿಕ್ಕಿಸ್ಕೊಳ್ಳಿ. ಗಲ್ಲದಿಂದ ಒಂದು ಗೇಣು ಕೆಳಗೆ. ನಾನು ಗೋಡೆ ನೋಡ್ತಿರ್ತೀನಿ."

"ಗೋಡೆ ಚೆನ್ನಾಗಿದ್ಯಾ?"

"ಬಣ್ಣ ಹೊಡಿಸಬೇಕು."

ನನಗೆ ನಗು ತಡೆಯಲಾಗಲಿಲ್ಲ. ಅವನು ಹೆಡ್‌ಫೋನು ಕಿವಿಗೇರಿಸಿ, ಕಣ್ಣು ಮುಚ್ಚಿ, ನನ್ನ ನಗುವನ್ನು ಪೂರ್ತಿ ಕೇಳಿದ. ನೋಡುವವರು ನನಗೆ ಬೇಕಾದಷ್ಟು ಜನ ಇದ್ದರು. ಹಾಗೆ ಕಣ್ಣು ಮುಚ್ಚಿ ಕೇಳಿದವನು ಅವನೊಬ್ಬನೇ.

"ಒಂದೇ ತೊಂದರೆ," ಎಂದ. "ಆ ಓಲೆ ತೆಗೀತೀರಾ? ಬಳೆಯಷ್ಟು ದೊಡ್ಡದಾಗಿವೆ. ನೀವು ತಲೆ ಅಲ್ಲಾಡಿಸಿದ್ರೆ ನನ್ನ ಕಿವೀಲಿ ಗಂಟೆ ಬಾರಿಸಿದ ಹಾಗಾಗತ್ತೆ."

ಅವನ ಕಣ್ಣಲ್ಲಿ ಕಣ್ಣಿಟ್ಟು, ಬೇಕೆಂದೇ ನಿಧಾನವಾಗಿ, ಒಂದು ಓಲೆ ತೆಗೆದೆ. ಆಮೇಲೆ ಇನ್ನೊಂದು. ಎರಡನ್ನೂ ಅಡುಗೆಕಟ್ಟೆಯ ಮೇಲಿಟ್ಟೆ.

"ಇನ್ನೇನಾದ್ರೂ ತೆಗೀಬೇಕಾ?"

ಅವನ ಕೈಯಲ್ಲಿದ್ದ ಬ್ಯಾಟರಿ ಕೆಳಗೆ ಬಿದ್ದು ಒಲೆಯಡಿ ಉರುಳಿತು. ಮೂಲೆಯಲ್ಲಿದ್ದ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ನಮ್ಮಿಬ್ಬರಲ್ಲಿ ಯಾರೂ ಆ ಕಡೆ ನೋಡಲಿಲ್ಲ. ಅಷ್ಟರಲ್ಲಿ ಟ್ರಿನೀಸ್ ಬಂದಳು, ನಾವಿಬ್ಬರೂ ಚೀಸ್ ಹಾಕಿ ಮ್ಯಾಕರೋನಿ ಬೇಯಿಸಿದೆವು, ಹಳೆಯ ಕಥೆ ಹೇಳಿ ನಕ್ಕೆವು. ಜಗಳದ ಸುಳಿವೂ ಇರಲಿಲ್ಲ.

ಆಮೇಲೆ ಶುರುವಾಯಿತು ನನ್ನ ತುಂಟತನ.

ಮೈಕು ಸಿಕ್ಕಿಸಿಕೊಂಡಾಗ ನಾನು ಪಿಸುಗುಟ್ಟಿದ್ದೆಲ್ಲ ನೇರ ಅವನ ಕಿವಿಗೆ ಹೋಗುತ್ತದೆ ಎಂಬುದು ತಿಳಿದ ಮೇಲೆ ಸುಮ್ಮನಿರಲು ನಾನೇನು ಕಲ್ಲೇ? ಹೋಟೆಲಿನಲ್ಲಿ, ಸ್ಟುಡಿಯೋದಲ್ಲಿ, ಬಟ್ಟೆ ಅಂಗಡಿಯಲ್ಲಿ, ಬೇರೆಯವರು ಮಾತಾಡುತ್ತಿರುವಾಗ ನಾನು ತುಟಿ ಅಲ್ಲಾಡಿಸದೆ ಕೇಳುತ್ತಿದ್ದೆ: "ಸ್ಟಿಲ್ಸ್, ಊಟ ಆಯ್ತಾ?" ಅವನು ಕೋಣೆಯ ಆ ತುದಿಯಲ್ಲಿ ಉದ್ದ ಕೋಲಿನ ಮೈಕು ಎತ್ತಿ ಹಿಡಿದು ನಿಂತಿರುತ್ತಿದ್ದ. ಉತ್ತರ ಕೊಡುವ ಹಾಗಿಲ್ಲ. ಟೋಪಿ ಸರಿಮಾಡಿಕೊಂಡರೆ ಹೌದು, ಮೂಗು ಕೆರೆದರೆ ಇಲ್ಲ. ಈ ಭಾಷೆ ನಮ್ಮಿಬ್ಬರ ನಡುವೆ ತಾನಾಗಿಯೇ ಹುಟ್ಟಿಕೊಂಡಿತು.

"ಈ ಡ್ರೆಸ್ಸು ಚೆನ್ನಾಗಿದ್ಯಾ?" ಟೋಪಿ.

"ನಿನಗೆ ಹುಡುಗಿ ಇದಾಳಾ?" ಮೂಗು. ಅದೂ ಎರಡು ಸಲ ಕೆರೆದ, ಸಂಶಯ ಉಳಿಯಬಾರದೆಂದು.

"ನನ್ನ ಬಗ್ಗೆ ಯೋಚನೆ ಮಾಡ್ತೀಯಾ?"

ಅವನ ಕೈ ಮೇಲೆದ್ದಿತು, ಟೋಪಿಗೋ ಮೂಗಿಗೋ ಎಂದು ಗಾಳಿಯಲ್ಲೇ ನಿಂತಿತು, ಕೋಲಿನ ಮೈಕು ವಾಲಿ ಟ್ರಿನೀಸಳ ವಿಗ್ಗಿಗೆ ತಾಗಿತು. "ಯಾರೋ ಅದು, ನನ್ ಕೂದಲಿಗೇ ಕೈ ಹಾಕ್ತೀಯಾ!" ಎಂದು ಅವಳು ಕೂಗಾಡಿದಳು. ನಾನು ಮುಖ ಮುಚ್ಚಿಕೊಂಡು ನಕ್ಕೆ. ಅಂದು ಮನೆಗೆ ಹೋದ ಮೇಲೂ ಆ ನಗು ಇಳಿಯಲಿಲ್ಲ. ಪ್ರೀತಿ ಎಂದರೆ ಇದೇ ಇರಬೇಕು ಎಂದು ನನಗೆ ನಾನೇ ಒಪ್ಪಿಕೊಂಡೆ.

ನನ್ನ ಅಡುಗೆಮನೆಯ ಕಂತು ಟಿವಿಯಲ್ಲಿ ಬಂದ ದಿನ ನಾವೆಲ್ಲ ಲೂಸೀಲ್ ಚಿಕ್ಕಮ್ಮನ ಸಲೂನಿನಲ್ಲಿ ಸೇರಿದ್ದೆವು. ನನ್ನನ್ನು ಸಾಕಿದವಳು ಚಿಕ್ಕಮ್ಮ. ಕ್ಯಾಂಬೆಲ್ಟನ್ ರಸ್ತೆಯ ಅರ್ಧ ಹೆಂಗಸರ ತಲೆ ಅವಳ ಕೈಯಲ್ಲಿದೆ, ಉಳಿದರ್ಧದ ಗುಟ್ಟು ಅವಳ ಕಿವಿಯಲ್ಲಿದೆ.

ಟಿವಿಯಲ್ಲಿ ಟ್ರಿನೀಸಳ ಮುಖ ಬಂತು. "ಅವಳು ನನ್ನ ಹಾಡಿನ ಸಾಲು ಕದ್ದಳು," ಅಂದಳು. ಅದು ಬೇರೊಂದು ದಿನ, ಬೇರೆ ಯಾರ ಬಗೆಗೋ ಆಡಿದ ಮಾತು. ತಟ್ಟನೆ ನನ್ನ ಮುಖ. ನಗು ಇಲ್ಲ, ನಗುವನ್ನು ಕತ್ತರಿಸಿ ಬಿಸಾಡಿದ್ದರು. ನಾನು ಒಂದು ಓಲೆ ತೆಗೆಯುತ್ತೇನೆ, ನಿಧಾನವಾಗಿ. ಇನ್ನೊಂದು ಓಲೆ. ಹಿಂದೆ ಡೊಳ್ಳಿನ ಸದ್ದು. ಆಮೇಲೆ ಜಾಹೀರಾತು.

ಸಲೂನಿನಲ್ಲಿ ಬಾಚಣಿಗೆಗಳೆಲ್ಲ ನಿಂತುಹೋದವು. ನಮ್ಮಲ್ಲಿ ಹೆಣ್ಣು ಓಲೆ ಬಿಚ್ಚಿದಳೆಂದರೆ ಕೈ ಮಾಡಲು ಸಿದ್ಧಳಾದಳೆಂದೇ ಅರ್ಥ. ಹೊಡೆದಾಟದಲ್ಲಿ ಕಿವಿ ಹರಿಯಬಾರದಲ್ಲ! ಮಾತೇ ಬೇಕಾಗಿಲ್ಲ, ಓಲೆ ಕೈಗೆ ಬಂದರೆ ಸಾಕು, ಪಕ್ಕದಲ್ಲಿದ್ದವರು ಮಕ್ಕಳನ್ನು ಎಳೆದುಕೊಳ್ಳುತ್ತಾರೆ.

"ಮಗಳೇ," ಎಂದಳು ಚಿಕ್ಕಮ್ಮ ಮೆಲ್ಲಗೆ, "ಟ್ರಿನೀಸ್ ಮೇಲಾ?"

"ಇಲ್ಲ ಚಿಕ್ಕಮ್ಮಾ! ಮೈಕಿಗೆ ಸದ್ದಾಗತ್ತೆ ಅಂದ, ತೆಗೆದೆ!"

ಯಾರು ನಂಬಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಗತ್ತು ಇದು. ಜಾಹೀರಾತು ಮುಗಿಯುವುದರೊಳಗೆ ನಾನು ಊರಿನ ಬಜಾರಿಯಾಗಿದ್ದೆ. ಫೋನು ಬಡಿದುಕೊಂಡಿತು. ಟ್ರಿನೀಸ್.

"ಲೇ ವೆಲಾ, ನನ್ ಮೇಲೆ ಓಲೆ ಬಿಚ್ಚಿದ್ಯಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ನಾನು ಬಾಯಿ ತೆರೆಯುವ ಮೊದಲೇ ಫೋನು ಇಟ್ಟುಬಿಟ್ಟಳು.

ಮರುದಿನ ಕೊರೀನ್ ಕರೆಸಿದಳು. ಅವಳೂ ನಮ್ಮವಳೇ, ಕಪ್ಪು ಹೆಂಗಸು, ಕಷ್ಟಪಟ್ಟು ಆ ಕುರ್ಚಿ ಏರಿದವಳು. ಅದಕ್ಕೇ ನನಗೆ ಹೆಚ್ಚು ಉರಿಯಿತು.

"ಬಂಗಾರ, ಜನ ಹುಚ್ಚೆದ್ದು ಹೋಗಿದಾರೆ. ಕೊನೆ ಕಂತಲ್ಲಿ ಎಲ್ಲರನ್ನೂ ಸೋಫಾ ಮೇಲೆ ಕೂರಿಸ್ತೀವಿ. ಟ್ರಿನೀಸ್ ಏನೋ ಒಂದು ಅಂತಾಳೆ. ನೀನು ಎದ್ದು ಗ್ಲಾಸಲ್ಲಿರೋದನ್ನ ಎರಚು. ಅಷ್ಟೇ. ಆಮೇಲೆ ನಿನ್ನ ಹಾಡು."

"ಎರಚದಿದ್ರೆ?"

"ಹಾಡಿಗೆ ಟೈಮ್ ಇರಲ್ಲ."

"ಕೊರೀನ್, ನಾವು ಮ್ಯಾಕರೋನಿ ಮಾಡ್ಕೊಂಡು ನಕ್ಕಿದ್ದು ಎಲ್ಲಿ ಹೋಯ್ತು?"

ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ದಣಿದಿದ್ದಳು. "ನಾವು ನಗ್ತಾ ಕೂತಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ನಾನು ಮಾಡಿದ ನಿಯಮ ಅಲ್ಲ ಅದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಹಾಡಬೇಕೆಂದರೆ ಅವರು ಬರೆದ ರಾಕ್ಷಸಿಯಾಗಬೇಕು. ನಾನು ನಾನಾಗೇ ಇದ್ದರೆ ಹಾಡಿಲ್ಲ.

ಸಿಟ್ಟು ಯಾರ ಮೇಲಾದರೂ ಇಳಿಯಬೇಕಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಲಿನ್‌ವುಡ್ ತನ್ನ ವ್ಯಾನಿಗೆ ಪೆಟ್ಟಿಗೆ ತುಂಬುತ್ತಿದ್ದ.

"ನಿಮ್ಮಮ್ಮ ನಿನಗೆ ಏನೂ ಕಲಿಸ್ಲಿಲ್ವಾ? ಹೆಂಗಸಿನ ಕೈಲಿ ಕ್ಯಾಮೆರಾ ಮುಂದೆ ಓಲೆ ಬಿಚ್ಚಿಸ್ತಾರಾ? ಎಷ್ಟು ಕೊಟ್ರು ಅವರು ನಿನಗೆ?"

ಅವನ ಮುಖ ಬಾಡಿತು. ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದ, ಪೆಟ್ಟಿಗೆಯಿಂದ ಮೈಕೊಂದನ್ನು ತೆಗೆದು ಹತ್ತಿರ ಹಿಡಿದು ನನ್ನ ಓಲೆಯನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿದ. ತಲೆಯೊಳಗೆ ರೈಲು ಹೊರಟಂತಾಯಿತು.

"ನಾನು ಇದನ್ನ ಮಾತ್ರ ಕೇಳ್ತಿದ್ದೆ, ಮಿಸ್ ವೆಲಾ. ಕೆಂಪು ದೀಪ ನೋಡ್ಲಿಲ್ಲ. ನೀವು..." ಅವನು ತಡವರಿಸಿದ. "ನೀವು ನನ್ನನ್ನೇ ನೋಡ್ತಿದ್ರಿ. ನಾನು ಬೇರೆ ಎಲ್ಲಿ ನೋಡಲಿ?"

ಸಿಟ್ಟು ಅರ್ಧ ಇಳಿಯಿತು. ಇಳಿದದ್ದು ಅವನಿಗೆ ಕಾಣಬಾರದೆಂದು ಹುಬ್ಬು ಗಂಟಿಕ್ಕಿಕೊಂಡೇ ಇದ್ದೆ.

"ಆ ದಿನದ ಸೌಂಡು ಪೂರ್ತಿ ನನ್ನ ಹತ್ರ ಇದೆ," ಎಂದ. "ನಾನು ‘ಓಲೆ ತೆಗೀತೀರಾ’ ಅಂದಿದ್ದು, ನೀವು ನಕ್ಕಿದ್ದು. ಹೊರಗೆ ಬಿಟ್ಟುಬಿಡ್ತೀನಿ. ಊರೆಲ್ಲ ಕೇಳಲಿ."

"ಬಿಟ್ಟರೆ ನಿನ್ನ ಕೆಲಸ?"

"ಹೋಗತ್ತೆ. ಇನ್ನು ಯಾರೂ ಕರೆಯಲ್ಲ. ಹೋದ್ರೆ ಹೋಗ್ಲಿ."

ಒಂದು ಕ್ಷಣ ಅವನ ಎದೆಗೆ ಒರಗಿಬಿಡಬೇಕು ಅನ್ನಿಸಿತು. ನನಗಾಗಿ ಯಾರೂ ಏನನ್ನೂ ಬಿಟ್ಟುಕೊಟ್ಟಿದ್ದಿಲ್ಲ. ಆದರೂ ತಲೆ ಅಲ್ಲಾಡಿಸಿದೆ.

"ಬೇಡ. ಆಮೇಲೆ ಕಥೆ ಏನಾಗತ್ತೆ ಗೊತ್ತಾ? ಸೌಂಡ್ ಹುಡುಗ ವೆಲಾನ ಕಾಪಾಡ್ದ. ಅಷ್ಟೇ. ನನ್ನ ಕಥೇಲಿ ಮತ್ತೆ ನಾನೇ ಇರಲ್ಲ. ಅವರು ನನ್ನ ಬಾಯಿ ಕಟ್ಟಿದಾರೆ, ಬಿಚ್ಚಬೇಕಾದೋಳು ನಾನು."

ಅವನು ನನ್ನ ಮುಖ ನೋಡಿದ. ಟೋಪಿ ಸರಿಮಾಡಿಕೊಂಡ.

"ಒಂದು ಹೇಳು," ಎಂದೆ. "ಅವರ ಕತ್ತರಿಗೆ ಸಿಗದೇ ಇರೋದು ಏನಾದ್ರೂ ಇದ್ಯಾ?"

"ಇದೆ. ಅದಕ್ಕೇ ನಾನು ಫ್ರಿಜ್ಜು ಆಫ್ ಮಾಡೋದು, ಹೋಟೆಲಿಗೆ ಹೋಗಿ ಹಾಡು ನಿಲ್ಸಿ ಅಂತ ಕಾಲು ಹಿಡಿಯೋದು. ಮಾತಿನ ಹಿಂದೆ ಹಾಡು ಓಡ್ತಿದ್ರೆ ಮುಗೀತು. ಮಧ್ಯೆ ಕತ್ತರಿ ಹಾಕಿದ್ರೆ ಬೀಟು ಎಗರತ್ತೆ, ಕುಂಟತ್ತೆ. ಮನೇಲಿ ಕೂತ ಅಜ್ಜಿಗೂ ಗೊತ್ತಾಗತ್ತೆ. ಆ ಸೋಫಾ ಶೂಟಿಂಗ್ ದಿನ ಅಲ್ಲಿ ಗಡಿಯಾರದ ಸದ್ದೂ ಇರಬಾರದು ಅಂತ ಕೊರೀನ್ ಈಗಲೇ ಹೇಳಿದಾರೆ."

ನಾನು ನಕ್ಕೆ. ಆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ನಕ್ಕೆ.

"ಯಾಕೆ? ಏನು ಮಾಡ್ತೀರಿ?"

"ನೀನು ಕಿವಿ ತೆರೆದಿಟ್ಕೊಂಡಿರು ಸಾಕು."

ಟ್ರಿನೀಸಳ ಮನೆಗೆ ಮ್ಯಾಕರೋನಿ ಪಾತ್ರೆ ಹೊತ್ತುಕೊಂಡು ಹೋದೆ. ಬಾಗಿಲು ಸರಪಳಿಯಷ್ಟೇ ತೆರೆಯಿತು. ಒಂದು ಕಣ್ಣು ಕಾಣಿಸಿತು, ಅತ್ತು ಊದಿಕೊಂಡದ್ದು.

"ಏನ್ ಬೇಕು?"

"ನಿನ್ನ ಬುದ್ಧಿ ಎಲ್ಲಿಟ್ಟಿದೀಯ ಕೇಳೋಣ ಅಂತ ಬಂದೆ. ಲೇ, ನಿನಗೆ ನಿಜವಾಗ್ಲೂ ಹೊಡೀಬೇಕು ಅಂತಿದ್ರೆ ಓಲೆ ತೆಗೆಯೋಷ್ಟು ಟೈಮ್ ಕೊಡ್ತಿದ್ನಾ?"

ಬಾಗಿಲ ಹಿಂದಿನಿಂದ ಮೊದಲು ಮೂಗು ಎಳೆದುಕೊಳ್ಳುವ ಸದ್ದು ಬಂತು, ಆಮೇಲೆ ನಗು. ಸರಪಳಿ ಬಿಚ್ಚಿತು. "ಅದೂ ಹೌದು. ಐದನೇ ಕ್ಲಾಸಲ್ಲಿ ನೀನು ಹೇಳದೇ ಕೇಳದೇ ಹೊಡೆದೋಳು," ಅಂದಳು. ಒಂದೇ ಪಾತ್ರೆಗೆ ಇಬ್ಬರೂ ಚಮಚ ಹಾಕಿದೆವು. ಪಾತ್ರೆ ಖಾಲಿಯಾಗುವ ಹೊತ್ತಿಗೆ ನಮ್ಮ ಉಪಾಯವೂ ಬೆಂದಿತ್ತು. ಕೊನೆಯಲ್ಲಿ ಅವಳು ಕೇಳಿದಳು: "ಆ ಉದ್ದ ಕೋಲಿನ ಹುಡುಗ ನನ್ನ ವಿಗ್ಗು ಕೆಡಿಸಿದ್ನಲ್ಲ, ಅವನು ನಿನ್ನ ಕಡೆಯವನಾ?"

"ಇನ್ನೂ ಬಾಯಿ ಬಿಟ್ಟು ಹೇಳಿಲ್ಲ."

"ಬೇರೆಯೋರ ಮಾತು ಕೇಳೋ ಕೆಲಸ ಮಾಡೋನಿಗೆ ಸ್ವಂತ ಬಾಯಿ ಎಲ್ಲಿಂದ ಬರಬೇಕು, ಪಾಪ."

ಕೊನೆಯ ಕಂತಿನ ದಿನ ಸ್ಟುಡಿಯೋ ತುಂಬ ದೀಪ. ಬಿಳಿ ಸೋಫಾ, ಎದುರಿಗೆ ಗ್ಲಾಸುಗಳು, ಪ್ರತಿ ಗ್ಲಾಸಿನಲ್ಲೂ ಎರಚಿದರೆ ಚೆನ್ನಾಗಿ ಕಾಣುವ ಕೆಂಪು ಶರಬತ್ತು. ನಮ್ಮ ಕಡೆಯಿಂದ ಅತಿಥಿಗಳನ್ನು ಕರೆಯಬಹುದಿತ್ತು. ಚಿಕ್ಕಮ್ಮ ತನ್ನ ಸಲೂನಿನವರನ್ನೂ ಚರ್ಚಿನ ಗೆಳತಿಯರನ್ನೂ ಕರೆದುಕೊಂಡು, ಭಾನುವಾರದ ಟೋಪಿ ಹಾಕಿಕೊಂಡು ಬಂದಿದ್ದಳು. ಬಾಗಿಲಲ್ಲಿ ಎಲ್ಲರ ಫೋನು ಕಿತ್ತುಕೊಂಡರು. "ಫೋನ್ ತಗೋ ಮಗನೇ, ಚಪ್ಪಾಳೆಗೆ ಕೈ ನನ್ನ ಹತ್ರಾನೇ ಇರತ್ತಲ್ಲ," ಎಂದು ಅವಳು ಕಾವಲಿನವನಿಗೆ ಹೇಳಿದಳಂತೆ.

ಲಿನ್‌ವುಡ್ ಮೈಕು ತಂದುಕೊಟ್ಟು ಎಂದಿನಂತೆ ಬೆನ್ನು ತಿರುಗಿಸಿದ. ನಾನು ಸಿಕ್ಕಿಸಿಕೊಂಡೆ. ಎದೆ ಹೊಡೆದುಕೊಳ್ಳುವುದು ಅವನಿಗೆ ಕೇಳಿಸುತ್ತಿತ್ತು ಎಂದು ಗೊತ್ತಿತ್ತು. ಮುಚ್ಚಿಡುವ ಹಾಗಿರಲಿಲ್ಲ, ಮುಚ್ಚಿಡುವ ಮನಸ್ಸೂ ಇರಲಿಲ್ಲ.

"ಹೆದರಿಕೆ ಆಗ್ತಿದ್ಯಾ?" ಎಂದು ಗೋಡೆಗೆ ಕೇಳಿದ.

"ಸಿಕ್ಕಾಪಟ್ಟೆ."

"ದನಿ ಮಾತ್ರ ನಡುಗ್ತಿಲ್ಲ," ಎಂದ. ಅಷ್ಟು ಸಾಕಾಯಿತು ನನಗೆ.

ಕ್ಯಾಮೆರಾ ಶುರುವಾಯಿತು. ಶೋ ನಡೆಸಿಕೊಡುವವಳು ಹಲ್ಲು ತೋರಿಸುತ್ತಾ ನೇರ ನನ್ನ ಕಡೆ ತಿರುಗಿದಳು. "ಮಿಸ್ ವೆಲಾ, ದೇಶವೆಲ್ಲ ಕೇಳ್ತಿರೋ ಪ್ರಶ್ನೆ. ಅವತ್ತು ಓಲೆ ಬಿಚ್ಚಿದ್ದು ಯಾಕೆ?"

ನಾನು ಚಪ್ಪಾಳೆ ತಟ್ಟಿದೆ. ನಾಲ್ಕೆಣಿಕೆಯ ತಾಳದಲ್ಲಿ, ಒಂದು ಬಿಟ್ಟು ಎರಡಕ್ಕೆ, ಮೂರು ಬಿಟ್ಟು ನಾಲ್ಕಕ್ಕೆ. ಟ್ರಿನೀಸ್ ಸೇರಿದಳು. ಚಿಕ್ಕಮ್ಮ ನನ್ನನ್ನು ನೋಡಿದಳು, ಅರ್ಥವಾಯಿತೋ ಇಲ್ಲವೋ, ಸೇರಿಯೇ ಬಿಟ್ಟಳು. ಅವಳ ಹಿಂದೆ ಇಡೀ ಸಾಲು. ಹುಟ್ಟಿದಾಗಿನಿಂದ ಚರ್ಚಿನಲ್ಲಿ ತಟ್ಟಿದ ಕೈಗಳು ಅವು, ತಾಳ ತಪ್ಪುವವರು ಒಬ್ಬರೂ ಇಲ್ಲ. ಆ ಚಪ್ಪಾಳೆಯ ಮೇಲೆ ನಾನು ಎದ್ದು ನಿಂತೆ.

"ಓಲೆ ತೆಗೆದಳಂತೆ, ಊರೆಲ್ಲಾ ಸುದ್ದಿ,
ಯಾಕೆ ತೆಗೆದಳಂತ ಕೇಳೋಕಿಲ್ಲ ಬುದ್ಧಿ!
ಮೈಕಿಗೆ ಸದ್ದಂದ್ರು, ತೆಗೆದು ತೆಗೆದಿಟ್ಟೆ,
ಕತ್ರಿ ಹಿಡಿದ ಕೈಗೆ ಜಗಳಾನೇ ಕೊಟ್ಟೆ!

ಟ್ರಿನೀಸು ನನ್ ಗೆಳತಿ, ಒಂದೇ ಬೀದಿ ಮಣ್ಣು,
ಅವಳ್ ಅತ್ರೆ ಸಾಕು, ಉರಿಯೋದು ನನ್ ಕಣ್ಣು!
ಕೋಪಾನೂ ನಂದೇ, ನಗುವೂನೂ ನಂದೇ,
ಯಾವಾಗ ಯಾವ್ದಂತ ನಾನ್ ಹೇಳ್ತೀನ್ ಮುಂದೆ!"

ಟ್ರಿನೀಸ್ ಗ್ಲಾಸು ಎತ್ತಿದಳು. ಕ್ಯಾಮೆರಾಗಳೆಲ್ಲ ಆಸೆಯಿಂದ ಅವಳತ್ತ ತಿರುಗಿದವು. ಅವಳು ಶರಬತ್ತನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಒಂದು ತಾಳವೂ ತಪ್ಪದ ಹಾಗೆ ಎತ್ತಿಕೊಂಡಳು:

"ಕಡ್ಡಿ ಗೀರಿ ಗೀರಿ ಕೈ ನೋಯ್ತಾ ನಿಮ್ಗೆ?
ಹಸಿ ಕಟ್ಟಿಗೆ ನಾವು, ಹತ್ಕೊಳಲ್ಲ ಸುಮ್ಕೆ!"

"ದಯವಿಟ್ಟು ಚಪ್ಪಾಳೆ ನಿಲ್ಲಿಸಿ," ಎಂದಳು ನಡೆಸಿಕೊಡುವವಳು, ಕಿವಿಯೊಳಗಿನ ಯಂತ್ರವನ್ನು ಒತ್ತಿಕೊಂಡು. ಕೊರೀನ್ ಒಳಗಿನಿಂದ ಕೂಗುತ್ತಿದ್ದಳೆಂದು ಕಾಣುತ್ತದೆ. "ಆಮೆನ್!" ಎಂದಳು ಚಿಕ್ಕಮ್ಮ. ಚಪ್ಪಾಳೆ ಇನ್ನೂ ಜೋರಾಯಿತು. ಕೊರೀನ್ ಕೊನೆಗೆ ತಾನೇ ಹೊರಗೆ ಓಡಿ ಬಂದು ಲಿನ್‌ವುಡ್‌ನ ತೋಳು ಹಿಡಿದಳು. ಅವನ ಉತ್ತರ ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು.

"ಎಲ್ಲಾ ಮೈಕಲ್ಲೂ ತುಂಬ್ಕೊಂಡಿದೆ ಮೇಡಂ. ಮಾತಿನಿಂದ ಅದನ್ನ ಬೇರೆ ಮಾಡೋಕೆ ದೇವರಿಗೂ ಆಗಲ್ಲ."

ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಅದೇ ಉಸಿರಿನಲ್ಲಿ, ಅದೇ ತಾಳದ ಮೇಲೆ, ಯಾರ ಅಪ್ಪಣೆಗೂ ಕಾಯದೆ, ನನ್ನ ಹಾಡಿಗೆ ಇಳಿದೆ. ಕ್ಯಾಂಬೆಲ್ಟನ್ ರಸ್ತೆಯ ಹಾಡು. ಬಸ್ಸಿಗೆ ಕಾಯುವ ದಾದಿಯರು, ಕೋಳಿ ಕರಿಯುವ ಅಂಗಡಿ, ಮಳೆಗೆ ವಿಗ್ಗಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಓಡುವ ನಮ್ಮ ಹುಡುಗಿಯರು, ಎಲ್ಲ ಇರುವ ಹಾಡು. ಉತ್ತರ ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಹುಡುಕಿದರೂ ಒಂದು ಬಿರುಕು ಸಿಗದ ಹಾಗೆ ಹಾಡಿದೆ. ಕೊನೆಯ ಸಾಲಿಗೆ ಬಂದಾಗ ಚಿಕ್ಕಮ್ಮನ ಟೋಪಿ ಒಂದು ಕಡೆ, ಅವಳು ಒಂದು ಕಡೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಷ್ಟು ಸಂತೋಷ ಅದಕ್ಕಿಂತ ಮೊದಲು ನನಗೆ ಆಗಿರಲಿಲ್ಲ.

ಕೊರೀನ್ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. "ಪೂರ್ತಿ ಬಿಸಾಕ್ತೀನಿ. ಗೊತ್ತಾಯ್ತಾ?"

"ಬಿಸಾಕಿ. ಆಮೇಲೆ ನಮ್ಮಿಬ್ಬರದ್ದು ಏನು ತೋರಿಸ್ತೀರಿ? ಖಾಲಿ ಸೋಫಾನಾ?"

"ಮತ್ತೆ ಕೂತ್ಕೋ. ಇನ್ನೊಂದ್ಸಲ ಮಾಡೋಣ."

"ಕೂರಲ್ಲ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಕೋಪ ನಿಜವಾಗಿತ್ತು. ಆದರೆ ಅವಳ ಕಾಲು, ಅವಳಿಗೇ ಗೊತ್ತಿಲ್ಲದೆ, ಇನ್ನೂ ತಾಳ ಹಾಕುತ್ತಿತ್ತು.

ಮುಂದಿನದು ಕಾಯುವ ಕಾಲ. ಹಾಕುತ್ತಾರೋ ಇಲ್ಲವೋ ಯಾರಿಗೂ ತಿಳಿಯದು. ಲಿನ್‌ವುಡ್ ಫೋನು ಮಾಡುತ್ತಿದ್ದ. "ಊಟ ಆಯ್ತಾ?" ಅನ್ನುತ್ತಿದ್ದ. "ಆಯ್ತು," ಅನ್ನುತ್ತಿದ್ದೆ. ಆಮೇಲೆ ಉಸಿರಾಡುತ್ತಿದ್ದ. ಟ್ರಿನೀಸ್ ಹೇಳಿದ್ದು ಸುಳ್ಳಲ್ಲ. ಲೋಕದ ಮಾತೆಲ್ಲ ಹಿಡಿಯುವವನಿಗೆ ತನ್ನ ಒಂದು ಮಾತು ಹೊರಡುತ್ತಿರಲಿಲ್ಲ. ನಾನು ಸಹಾಯ ಮಾಡಲಿಲ್ಲ. ‘ನನ್ನ ಬಗ್ಗೆ ಯೋಚನೆ ಮಾಡ್ತೀಯಾ’ ಎಂದು ಕೇಳಿದ್ದು ನಾನು, ಉತ್ತರ ಅವನಿಂದ ಬರಬೇಕಿತ್ತು.

ಪ್ರಸಾರದ ಸಂಜೆ ಸಲೂನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಿನ್‌ವುಡ್ ಬಾಗಿಲಿಗೆ ತಲೆ ತಾಗಿಸಿಕೊಂಡು ಒಳಗೆ ಬಂದ, ಕೈಯಲ್ಲಿ ಅವನಮ್ಮ ಮಾಡಿಕೊಟ್ಟ ಪೀಚ್ ಹಣ್ಣಿನ ಕಡುಬು. ಚಿಕ್ಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅದಕ್ಕೆ ಸಾಕಷ್ಟು ಹೊತ್ತೇ ಬೇಕಾಯಿತು.

"ಯಾವ ಚರ್ಚು?"

"ಅಮ್ಮನದು ಡಿಕೇಟರಿನ ಬ್ಯಾಪ್ಟಿಸ್ಟ್ ಚರ್ಚು, ಮೇಡಂ."

"ನಾನು ನಿನ್ನದು ಕೇಳಿದೆ."

"ಅಮ್ಮ ಕರೆದಾಗ ಹೋಗ್ತೀನಿ."

"ನಿಜ ಹೇಳ್ತಾನೆ. ಕೂರಿಸ್ರೇ."

ಶೋ ಶುರುವಾಯಿತು. ಬೇರೆಯವರ ಜಗಳ ಬಂತು, ಹೋಯಿತು. ನಾನು ಟ್ರಿನೀಸಳ ಕೈ ಹಿಚುಕುತ್ತಿದ್ದೆ. ನಡೆಸಿಕೊಡುವವಳ ಹಲ್ಲು ಕಾಣಿಸಿತು. "ಅವತ್ತು ಓಲೆ ಬಿಚ್ಚಿದ್ದು ಯಾಕೆ?" ಮತ್ತೆ, ಒಂದು ಬಿಟ್ಟು ಎರಡಕ್ಕೆ, ಚಪ್ಪಾಳೆ. ಟಿವಿಯಲ್ಲಿ ನಾನು ಎದ್ದು ನಿಂತೆ.

ಒಂದು ಸಾಲೂ ಹೋಗಿರಲಿಲ್ಲ. ನನ್ನ ಕೋಪ, ಟ್ರಿನೀಸಳ ಶರಬತ್ತು, ಚಿಕ್ಕಮ್ಮನ ಆಮೆನ್, ನನ್ನ ಹಾಡು, ಕೊನೆಯ ಕಣ್ಣೀರು, ಎಲ್ಲ ಇದ್ದವು. ಮಧ್ಯದಲ್ಲಿ ಜಾಹೀರಾತು ತೂರಿಸಲೂ ಅವರಿಗೆ ಸಂದು ಸಿಕ್ಕಿರಲಿಲ್ಲ. ದೇಶದ ಮುಂದೆ ನಿಂತಿದ್ದವಳು ನಾನೇ, ಇಡಿಯಾಗಿ ನಾನೇ. ಹಾಡು ಮುಗಿದ ಕೂಡಲೇ ಕೊರೀನಳಿಂದ ಫೋನಿಗೆ ಒಂದೇ ಸಾಲು ಬಂತು: ‘ಯಾರೂ ಚಾನೆಲ್ ಬದಲಾಯಿಸಲಿಲ್ಲ.’

ಸಲೂನು ಸಂತೆಯಾಯಿತು. ಹೆಂಗಸರು ಕುಣಿದರು, ಅತ್ತರು, ಕಡುಬಿನ ತಟ್ಟೆಗೆ ಮುತ್ತಿದರು. ಆ ಗದ್ದಲದಲ್ಲಿ ಲಿನ್‌ವುಡ್ ನನ್ನ ಎದುರು ಬಂದು ನಿಂತು ಏನೋ ಹೇಳಿದ. ತುಟಿ ಅಲ್ಲಾಡಿತು, ಅಷ್ಟೇ.

"ಏನಂದೆ?"

ಮತ್ತೆ ಹೇಳಿದ. ನಾಲ್ಕು ಜನ ನಮ್ಮ ಮಧ್ಯೆ ಕುಣಿದುಕೊಂಡು ಹೋದರು.

"ಕೇಳಿಸ್ತಿಲ್ಲ ಕಣೋ! ಜೋರಾಗಿ ಹೇಳು!"

ಚಿಕ್ಕಮ್ಮ ಬಾಚಣಿಗೆಯಿಂದ ಕನ್ನಡಿಗೆ ಬಡಿದಳು. "ಸುಮ್ನಿರ್ರೇ ಎಲ್ರೂ! ಈ ಹುಡುಗನ ಬಾಯಿಂದ ಏನೋ ಹೊರಡ್ತಾ ಇದೆ!"

ಎಲ್ಲರೂ ಸುಮ್ಮನಾದರು. ತಲೆಗೆ ಬಣ್ಣ ಮೆತ್ತಿಕೊಂಡವರು, ಅರ್ಧ ಜಡೆ ಹೆಣೆಸಿಕೊಂಡವರು, ಬಾಯಲ್ಲಿ ಕಡುಬು ತುಂಬಿಕೊಂಡವರು, ಎಲ್ಲರ ಕಣ್ಣೂ ಅವನ ಮೇಲೆ. ಅವನು ಗೋಡೆ ಹುಡುಕಿದ. ಎಲ್ಲೆಲ್ಲೂ ಹೆಂಗಸರೇ ಇದ್ದರು. ಬೇರೆ ದಾರಿಯಿಲ್ಲದೆ ನನ್ನನ್ನೇ ನೋಡಿದ.

"ನಿಮ್ಮನ್ನ ಪ್ರೀತಿಸ್ತೀನಿ ಅಂದೆ," ಎಂದ, ಗಂಟಲು ಒಡೆಯುವಷ್ಟು ಜೋರಾಗಿ. "ಅವರು ತೋರಿಸಿದ್ದೆಲ್ಲ ನೋಡೋಕೆ ಮೊದಲೇ ನಾನು ಕೇಳಿದೀನಿ. ನೀವು ಬೈಯೋದು, ನಗೋದು, ಒಬ್ಬರೇ ಇರುವಾಗ ಸಾಲು ತಪ್ಪಿದ್ರೆ ನಿಮ್ಮನ್ನೇ ನೀವು ಬೈಕೊಳ್ಳೋದು, ಎಲ್ಲ. ಅದ್ರಲ್ಲಿ ಒಂದೂ ಬಿಡದ ಹಾಗೆ ಬೇಕು ನನಗೆ. ಅಷ್ಟೇ. ಮುಗೀತು."

"ಅಯ್ಯೋ ದೇವ್ರೇ," ಎಂದಳು ಟ್ರಿನೀಸ್, "ವಿಗ್ಗಿನ ವಿಷಯ ಕ್ಷಮಿಸಿದೀನಿ ಹೋಗು."

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಹತ್ತದೇ ಇದ್ದರೆ ಅವನ ಮುಖ ನನಗೆ ಎಟುಕುತ್ತಿರಲಿಲ್ಲ. ಅವನ ಟೋಪಿ ತೆಗೆದು ಪಕ್ಕದಲ್ಲಿದ್ದ ಯಾರದೋ ತಲೆಗೆ ಇಟ್ಟೆ.

"ಇಷ್ಟೆಲ್ಲ ಕೇಳಿಸ್ಕೊಂಡ ಮೇಲೂ ಇನ್ನೂ ‘ನೀವು’ ಅಂತೀಯಲ್ಲೋ, ಪೆದ್ದ!"

"ನಿನ್ನನ್ನ," ಎಂದು ತಿದ್ದಿಕೊಂಡ.

ಅವನ ಎರಡೂ ಕೆನ್ನೆ ಹಿಡಿದುಕೊಂಡು ಎಲ್ಲರ ಮುಂದೆ ಮುತ್ತು ಕೊಟ್ಟೆ. ಸಲೂನು ಮತ್ತೆ ಕಿರುಚಿತು. ಆ ಕಿರುಚಾಟ ಇಳಿಯುವವರೆಗೆ ಕಾದು, ಒಬ್ಬರಿಗೂ ತಪ್ಪಿಹೋಗಬಾರದೆಂದು ಎದೆ ತುಂಬ ಉಸಿರು ಎಳೆದುಕೊಂಡು, ನಾನೂ ಅವನನ್ನು ಪ್ರೀತಿಸುತ್ತೇನೆಂದು ನನ್ನ ಸ್ವಂತ ಬಾಯಿಂದಲೇ ಹೇಳಿದೆ.